ಭಾವ ತೆಗೆದಿಟ್ಟ ಸದ್ದುಗಳು

ನನ್ನ ಭಾವ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ನಲವತ್ತು ವರ್ಷದಿಂದ ಅದೇ ಅಂಗಡಿ, ಅದೇ ಸ್ಟೂಲು. ಅಲ್ಲಿ ಅವರದೊಂದು ಕಟ್ಟುನಿಟ್ಟು. ಯಂತ್ರದಿಂದ ಬಿಚ್ಚಿದ್ದು ಸವೆದ ಸ್ಕ್ರೂ ಆದರೂ ಸರಿ, ಎಸೆಯುವಂತಿಲ್ಲ. ಡಬ್ಬಿಗೆ ಹಾಕಿ, ತಾರೀಖಿನ ಚೀಟಿ ಅಂಟಿಸಿ, ಯಂತ್ರದ ಜೊತೆಗೇ ಗಿರಾಕಿಯ ಕೈಗೆ ಕೊಡುತ್ತಾರೆ. “ಅವರ ವಸ್ತು. ಎಸೆಯೋಕೆ ನಾನ್ಯಾರು?” ಎನ್ನುತ್ತಾರೆ.

ನಮ್ಮಪ್ಪ ತೀರಿಕೊಂಡ ಮೇಲೆ ಅವರ ಟೇಪ್‌ರೆಕಾರ್ಡರ್ ಮತ್ತು ನೂರ ಮೂವತ್ತು ಕ್ಯಾಸೆಟ್ಟು ಅಕ್ಕನ ಪಾಲಿಗೆ ಬಂದವು. ನನ್ನ ಪಾಲಿಗೆ ಅಪ್ಪನ ಸಿಟ್ಟು ಬಂತು, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಅಕ್ಕ ಕಣ್ಣೀರು ಹಾಕಿದಳು. ಭಾವ ಹೋಗಿ, ಸಾಬೂನಿನ ಡಬ್ಬಿಯಷ್ಟು ದೊಡ್ಡದೊಂದು ಕಂಪ್ಯೂಟರ್ ತಂದರು. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಆಂಪ್ಲಿಫೈಯರಿಗೆ ತಂತಿ ಸಿಕ್ಕಿಸಿ, ಫೋನಿನಲ್ಲಿ ಒತ್ತಿದರೆ ಹಾಡುತ್ತದೆ, ಅಷ್ಟೇ. ಹೊಲಿಗೆ ಯಂತ್ರದ ಹಳೆಯ ಮರದ ಮುಚ್ಚಳವೊಂದರಲ್ಲಿ ಅದನ್ನೂ ಸ್ಪೀಕರುಗಳನ್ನೂ ಕೂರಿಸಿದರು.

“ಒಂದೇ ಕೆಲಸ ಮಾಡುತ್ತೆ. ಅದಕ್ಕೇ ನೆಟ್ಟಗೆ ಮಾಡುತ್ತೆ” ಎಂದು ನನ್ನ ಕಡೆ ನೋಡಿದರು. ಆ ವರ್ಷ ನಾನು ಮೂರನೇ ಸಲ ಕೆಲಸ ಬದಲಾಯಿಸಿದ್ದೆ.

ಹಾಡುಗಳನ್ನು ಅದರೊಳಗೆ ತುಂಬುವುದೇ ತಾಪತ್ರಯವಾಯಿತು. ಅಪ್ಪನ ಟೇಪ್‌ರೆಕಾರ್ಡರ್ ಸೆಟ್ಟಿನಲ್ಲಿ ತಂತಿ ಸಿಕ್ಕಿಸಲು ಜಾಗವೇ ಇರಲಿಲ್ಲ. ಬಿಚ್ಚಿದ್ದರೆ ಭಾವನಿಗೆ ಅರ್ಧ ಗಂಟೆಯ ಕೆಲಸ. ಅಕ್ಕ ಬಿಡಲಿಲ್ಲ. “ಅಪ್ಪನ ಸೆಟ್ಟಿಗೆ ಸ್ಕ್ರೂಡ್ರೈವರ್ ತಾಗಿಸಿದ್ರೆ ನೋಡಿ ಮತ್ತೆ!” ಹಾಗಾಗಿ ಸೆಟ್ಟಿನ ಮುಂದೆ ದಿಂಬಿಟ್ಟು, ದಿಂಬಿನ ಮೇಲೆ ಮೈಕಿಟ್ಟು, ನನ್ನ ಹಳೆಯ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡುವುದೆಂದಾಯಿತು. ದಿನಾ ಸಂಜೆ ಆರರಿಂದ ಏಳೂವರೆ. ಆ ಹೊತ್ತಿಗೆ ಫ್ಯಾನ್ ಬಂದ್, ನಲ್ಲಿ ಬಂದ್, ಮಾತೂ ಬಂದ್.

ಅಕ್ಕನಿಗೆ ಮಾತಿಲ್ಲದೆ ಕೂರುವುದೆಂದರೆ ಉಸಿರು ಹಿಡಿದ ಹಾಗೆ. ಮರೆತು ಒಳಗೆ ಬಂದು ಏನೋ ಶುರು ಮಾಡುವಳು. ಭಾವ ತುಟಿಯ ಮೇಲೆ ಬೆರಳಿಟ್ಟು “ಶ್!” ಎನ್ನುವರು. ಆಮೇಲೆ ಅಷ್ಟನ್ನು ಕತ್ತರಿಸಿ ತೆಗೆದು, ಆ ಸಾಲನ್ನು ಮತ್ತೆ ನುಡಿಸಿ ತೇಪೆ ಹಾಕುವರು. ಕತ್ತರಿಸಿದ್ದನ್ನು ಎಸೆದರೇ? ಇಲ್ಲ. ಅಂಗಡಿಯ ಅಭ್ಯಾಸ. ‘ತೆಗೆದದ್ದು’ ಎಂಬ ಹೆಸರಿನಲ್ಲಿ, ತಾರೀಖು ಹಾಕಿ, ಬೇರೆಯಾಗಿ ಇಟ್ಟರು. ಕೊನೆಗೆ ಎಲ್ಲವನ್ನೂ ಸಣ್ಣ ಕಂಪ್ಯೂಟರಿಗೆ ತುಂಬುವಾಗ ಅದೂ ಜೊತೆಗೆ ಹೋಯಿತು. ಅದು ಅವರಿಗೂ ನೆನಪಿರಲಿಲ್ಲ.

ಕೆಲಸ ಮುಗಿದ ವರ್ಷವೇ ಅಕ್ಕ ಹೋದಳು. ಎದೆಯಲ್ಲಿ ಗಂಟು. ಡಾಕ್ಟರು “ಆರು ತಿಂಗಳು ಮುಂಚೆ ಬಂದಿದ್ದರೆ...” ಎಂದರು. “ನಮಗೆ ಯಾರಿಗೂ ಹೇಳಲೇ ಇಲ್ಲ ಡಾಕ್ಟ್ರೇ” ಎಂದರು ಭಾವ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದೆ.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಭಾವ ಫೋನ್ ಮಾಡಿದರು. “ಅವಳು ಮಾತಾಡ್ತಿದ್ದಾಳೆ. ಬಾ.” ತಲೆ ಕೆಟ್ಟಿದೆ ಎಂದುಕೊಂಡೇ ಓಡಿದೆ. ಹಾಡು ಆರಿಸುವ ಮನಸ್ಸಿಲ್ಲದೆ, ಇರುವುದನ್ನೆಲ್ಲ ಹಿಂದುಮುಂದಾಗಿ ನುಡಿಸು ಎಂದು ಒತ್ತಿದ್ದರಂತೆ. ಇಬ್ಬರೂ ಕೂತೆವು. ಮುಕ್ಕಾಲು ಗಂಟೆ ಬರೀ ಹಾಡು. ಆಮೇಲೆ ಮರದ ಮುಚ್ಚಳದೊಳಗಿಂದ ಅಕ್ಕ, “ಅಯ್ಯೋ, ಒಲೆ ಮೇಲೆ ಹಾಲು—” ಎಂದಳು. “ಶ್!” ಮತ್ತೆ ಹಾಡು.

ಇಬ್ಬರೂ ಅಡುಗೆಮನೆಯ ಕಡೆ ತಿರುಗಿದ್ದೆವು.

ಸಾವಿರದ ನಾಲ್ಕುನೂರು ಹಾಡುಗಳ ನಡುವೆ ಅಂಥ ಅರವತ್ತೊಂದು ತುಣುಕು. ಬೇರೆ ಎಲ್ಲಿಯೂ ಅಕ್ಕನ ದನಿ ಉಳಿದಿರಲಿಲ್ಲ. ಅವನ್ನಷ್ಟೇ ಒಟ್ಟಿಗೆ ಕೇಳಿ ಎಂದೆ. ಭಾವ ಒಪ್ಪಲಿಲ್ಲ. “ಕರೆದಾಗ ಬರೋಳಾ ಅವಳು? ಅವಳಾಗೇ ಬರಲಿ.” ಬೆಳಗಿನಿಂದ ಪೆಟ್ಟಿಗೆ ಹಾಡುತ್ತಲೇ ಇರುತ್ತಿತ್ತು. ಅಂಗಡಿ ಅರ್ಧ ದಿನವಾಯಿತು. ಮನೆಯಲ್ಲಿ ಮತ್ತೆ ಫ್ಯಾನ್ ಬಂದ್, ಮಾತು ಬಂದ್. ಬಂದವರು ಬಾಗಿಲಲ್ಲೇ ತಡವರಿಸಿ ಹೋಗುತ್ತಿದ್ದರು. ನನಗೆ ರೇಗಿಹೋಯಿತು. “ನಿಮ್ಮ ‘ಶ್’ ಆದ್ರೂ ಕತ್ತರಿಸಿ ಹಾಕಿ ಭಾವ. ಕೇಳೋಕಾಗಲ್ಲ” ಎಂದೆ.

“ಅದನ್ನ ತೆಗೆದ್ರೆ, ಅವಳು ಯಾಕೆ ನಿಲ್ಲಿಸಿದ್ಳು ಅಂತ ಗೊತ್ತಾಗಲ್ಲ” ಎಂದರು.

ಹೋದ ಭಾನುವಾರ ಮಧ್ಯಾಹ್ನ ನಾನಲ್ಲಿದ್ದೆ. ಒಂದು ಹಾಡು ಮುಗಿಯಿತು. ಅಕ್ಕನ ದನಿ, ಎಂದಿಗಿಂತ ತಗ್ಗಿ: “ರೀ, ನಿಮ್ಮ ಹತ್ರ ಒಂದು ಮಾತು ಹೇಳಬೇಕಿತ್ತು. ನನಗೆ—”

“ಶ್!”

ಭಾವ ಹಾಡು ನಿಲ್ಲಿಸಿ ಫೋನನ್ನು ನನ್ನ ಮುಂದೆ ಹಿಡಿದರು. ತುಣುಕಿನ ಮೇಲೆ ತಾರೀಖಿತ್ತು. ಆಸ್ಪತ್ರೆಗೆ ಹೋಗುವುದಕ್ಕೆ ಏಳು ತಿಂಗಳು ಹಿಂದಿನದು.

“ಇದನ್ನ ನಾಲ್ಕು ಸಲ ಕೇಳಿದ್ದೀನಿ. ಏನು ಹೇಳೋಕೆ ಬಂದಿದ್ಳು? ನಿನಗೇನಾದ್ರೂ ಹೇಳಿದ್ಳಾ?”

“ಕುಕ್ಕರಿನ ಗ್ಯಾಸ್ಕೆಟ್ ಹೋಗಿದೆ ಅಂತ ಇರಬೇಕು” ಎಂದೆ.

“ಗ್ಯಾಸ್ಕೆಟ್ ಅದರ ಹಿಂದಿನ ವಾರ ನಾನೇ ಬದಲಾಯಿಸಿದ್ದೆ. ಹಳೇದು ಡಬ್ಬಿಯಲ್ಲಿದೆ. ಚೀಟಿ ತೋರಿಸ್ಲಾ?”

ಸುಳ್ಳು ಹೇಳುವುದಿದ್ದರೆ ಮೆಕ್ಯಾನಿಕ್ಕಿನ ಮುಂದೆ ಬಿಡಿಭಾಗದ ಸುಳ್ಳು ಹೇಳಬಾರದು. ಆ ‘ಶ್’ ಆದ ಮರುದಿನ ಬೆಳಿಗ್ಗೆ ಅಕ್ಕ ನನ್ನ ಮನೆಗೆ ಬಂದಿದ್ದಳು. ನನ್ನ ಕೈ ಹಿಡಿದು ತನ್ನ ಎದೆಯ ಮೇಲಿಟ್ಟುಕೊಂಡು, “ಇದೇನೇ ಇದು? ನಿಮ್ಮ ಭಾವನಿಗೆ ಹೇಳೋಕೆ ಹೋದೆ, ಕ್ಯಾಸೆಟ್ ಓಡ್ತಿತ್ತು” ಎಂದಿದ್ದಳು. ನನಗೆ ಹೊಸ ಆಫೀಸು, ಹೊತ್ತಾಗಿತ್ತು. “ಏನಿರಲ್ಲ ಬಿಡೇ, ತಾನೇ ಕರಗುತ್ತೆ” ಎಂದು ಚಪ್ಪಲಿ ಮೆಟ್ಟಿದ್ದೆ. ಆಮೇಲೆ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಭಾವ ಅರ್ಧ ಮಾತು ಕೇಳಿದ್ದರು. ನಾನು ಪೂರ್ತಿ ಕೇಳಿದ್ದೆ. ಅವರ ಮೇಲೆ ಹರಿಹಾಯುತ್ತಿದ್ದುದೆಲ್ಲ ಇದು ಹೊರಬಿದ್ದೀತೆಂಬ ಹೆದರಿಕೆಗೇ.

“ಭಾವ, ಅವತ್ತು ಅಕ್ಕ...” ಎಂದೆ. ಫೋನಿಗೆ ನನ್ನ ಬೆರಳು ತಾಗಿತೋ ಏನೋ, ಪೆಟ್ಟಿಗೆ ಮುಂದಿನ ಹಾಡು ಶುರು ಮಾಡಿತು. ಭಾವನ ಬೆರಳು ತಾನಾಗಿ ತುಟಿಯ ಮೇಲೆ ಹೋಯಿತು. ಅವರು ಆ ಬೆರಳನ್ನೇ ನೋಡಿದರು. ಕೈ ಕೆಳಗಿಳಿಸಿ, ಎದ್ದು ಹೋಗಿ, ಸಣ್ಣ ಕಂಪ್ಯೂಟರಿನ ತಂತಿ ಕಿತ್ತರು.

“ಹೇಳು. ನಡುವೆ ಬಾಯಿ ಹಾಕಲ್ಲ” ಎಂದು ಎದುರಿಗೆ ಕೂತರು.

ನಾನು ಹೇಳತೊಡಗಿದೆ. ಚಪ್ಪಲಿ ಮೆಟ್ಟಿದ್ದರವರೆಗೂ ಹೇಳಬೇಕಿತ್ತು. ಒಂದೊಂದು ಮಾತಿಗೂ ಅವರು ಒಂದು ಸಲ ‘ಶ್’ ಎಂದರೆ ಸಾಕಪ್ಪಾ ಅನ್ನಿಸುತ್ತಿತ್ತು. ಅವರು ಅನ್ನಲಿಲ್ಲ.