ಸಾವಿನ ಸುದ್ದಿಯ ಪಾಳಿ

ಗುಡೂರಿನ ಆಚೆಗಿರುವ ನಮ್ಮ ಹಳ್ಳಿಯಲ್ಲಿ ದೊಡ್ಡ ಮನೆಯವರು ಯಾರಾದರೂ ಸತ್ತರೆ, ಬೀಗರ ಊರುಗಳಿಗೆ ಸುದ್ದಿ ಮುಟ್ಟಿಸುವ ಕೆಲಸ ನಮ್ಮ ಕೇರಿಯದು. ಮನೆಗೊಂದು ಪಾಳಿ. ಈಗ ಎಲ್ಲರ ಕಿಸೆಯಲ್ಲೂ ಮೊಬೈಲು. ಹೆಣ ತಣ್ಣಗಾಗುವ ಮೊದಲೇ ಫೋಟೊ ಸ್ಟೇಟಸ್ಸಿಗೆ ಬಂದಿರುತ್ತದೆ. ಆದರೂ ನಮ್ಮವನೊಬ್ಬ ಹೋಗಿ ಅಂಗಳದಲ್ಲಿ ನಿಂತು ಬಾಯಿಬಿಟ್ಟು ಹೇಳುವ ತನಕ ಬೀಗರು ಮಣ್ಣಿಗೆ ಹೊರಡುವಂತಿಲ್ಲ.

ನಾನು ಕೆರೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅಲ್ಲಿ ನಾನು ಬರೀ ‘ಸರ’. ಪೇಟೆಯಲ್ಲಿ ಕಂಡರೆ ಜನ ನಮಸ್ಕಾರ ಮಾಡುತ್ತಿದ್ದರು, ಯಾರ ಪೈಕಿ ಎಂದು ಯಾರೂ ಕೇಳಿರಲಿಲ್ಲ. ನಾನು ಬದುಕಿನಲ್ಲಿ ಗಳಿಸಿದ್ದೆಂದರೆ ಆ ನಮಸ್ಕಾರ ಒಂದೇ.

ಒಂದು ಭಾನುವಾರ ಊರಿಗೆ ಹೋಗಿದ್ದೆ. ಅಂದೇ ದೊಡ್ಡ ಗೌಡರು ತೀರಿಕೊಂಡರು. ಪಾಳಿ ನಮ್ಮ ಮನೆಯದು. ಗೌಡರ ತಂಗಿಯನ್ನು ಕೊಟ್ಟಿದ್ದು ಕೆರೂರಿಗೇ.

“ಫೋನ್ ಮಾಡ್ಯಾರಲ್ಲ, ಮತ್ಯಾಕ ಹೋಗ್ತಿ?” ಎಂದೆ ಅಪ್ಪನಿಗೆ.

“ನಾ ಸತ್ತ ಮ್ಯಾಲೆ ನೀ ಬಿಡು. ನಾ ಇರೋತನ ಬಿಡಾಂಗಿಲ್ಲ,” ಎಂದ.

ಅವನ ಮೊಣಕಾಲು ಸವೆದುಹೋಗಿವೆ. ಬಸ್ಸಿಗೆ ಬಿಡಲು ಮನಸ್ಸಾಗಲಿಲ್ಲ. ಬೈಕಿನ ಮೇಲೆ ಕೂರಿಸಿಕೊಂಡು ಹೊರಟೆ.

ಕೆರೂರಿನ ಬೀಗರ ಮನೆಯ ಮುಂದೆ ಜೀಪು ನಿಂತಿತ್ತು. ಗೊತ್ತಿದ್ದ ಸುದ್ದಿಗಾಗಿ ಎಲ್ಲರೂ ಸಿದ್ಧವಾಗಿ ಕಾಯುತ್ತಿದ್ದರು. ಅಪ್ಪ ಬೀದಿಯಲ್ಲೇ ಚಪ್ಪಲಿ ಬಿಟ್ಟು ರುಮಾಲು ಸರಿಮಾಡಿಕೊಳ್ಳುತ್ತ ಹಿಂದೆ ಉಳಿದ. ಅಷ್ಟರಲ್ಲಿ ಒಳಗಿನಿಂದ ಒಂಬತ್ತನೇ ಇಯತ್ತೆಯ ನನ್ನ ವಿದ್ಯಾರ್ಥಿನಿ ಓಡಿ ಬಂದಳು. ಅದು ಅವಳ ಮನೆ ಎಂದು ನನಗೆ ಗೊತ್ತಿರಲಿಲ್ಲ.

“ಅಪ್ಪಾ, ನಮ್ಮ ಸೈನ್ಸ್ ಸರ!”

“ಬರ್ರಿ ಸರ, ಕುಂದರ್ರಿ,” ಎಂದು ಅವಳ ತಂದೆ ಕೈ ಹಿಡಿದು ಪಡಸಾಲೆಯಲ್ಲಿ ಕುರ್ಚಿ ಹಾಕಿದರು. ಸಾವಿನ ಮನೆಗೆ ಹೊರಟವರಿಗೆಂದು ಮಾಡಿದ್ದ ಚಹಾದಲ್ಲಿ ನನಗೂ ಒಂದು ಕಪ್ಪು ಬಂತು. ಬಸಿಯ ಮೇಲೆ ಕಪ್ಪು, ಎರಡಕ್ಕೂ ಗುಲಾಬಿ ಹೂವಿನ ಚಿತ್ರ. ಅರ್ಧ ಕುಡಿದಿದ್ದೆ.

ಅಪ್ಪ ಬರಿಗಾಲಿನಲ್ಲಿ ಬಂದು ಬಿಸಿಲಿನ ಅಂಗಳದಲ್ಲಿ ನಿಂತು ಕೈಮುಗಿದ. “ಎಪ್ಪಾ, ದೊಡ್ಡ ಗೌಡ್ರು ತೀರ್ಕೊಂಡ್ರರಿ. ಸಂಜಿಗೆ ಮಣ್ಣು. ಬರಬೇಕಂತರಿ.”

ಹೆಂಗಸರು ಅಳಲು ಶುರುಮಾಡಿದರು. ಹುಡುಗಿಯ ತಂದೆ ಬೀದಿಯ ಬೈಕನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಇಂವಾ ನಿಮ್ಮ ಸಂಗಾಟ ಬಂದನೇನ್ರಿ ಸರ?”

“ಹೌದ್ರಿ. ನಮ್ಮಪ್ಪ.”

ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಬೈದಿದ್ದರೆ ನಾನೂ ಬೈಯಬಹುದಿತ್ತು, ಎದೆ ಹಗುರಾಗುತ್ತಿತ್ತು. ಗೌಡರ ತಂಗಿ, ಆ ಹುಡುಗಿಯ ಅಜ್ಜಿ, ಅಣ್ಣನಿಗಾಗಿ ಅಳುತ್ತಿದ್ದವಳು ಕಣ್ಣೊರೆಸಿಕೊಂಡು, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಹೇಳಿದಳು: “ಕಪ್ಪ ಇಲ್ಲಿ ಇಡಬ್ಯಾಡ್ರಿ ಸರ. ನಿಮ್ಮ ಸಂಗಾಟ ಒಯ್ರಿ.”

ಬಸಿಯನ್ನು ಕುರ್ಚಿಯ ಕೆಳಗೆ ಬಿಟ್ಟು, ಕಪ್ಪು ಹಿಡಿದುಕೊಂಡು ಎದ್ದೆ. ಅಪ್ಪ ಒಡ್ಡಿದ ರುಮಾಲಿಗೆ, ಸುದ್ದಿ ತಂದದ್ದಕ್ಕೆಂದು, ದೂರದಿಂದ ಜೋಳ ಸುರಿದರು. ಜೀಪು ಹೊರಟಿತು.

ದಾರಿಯಲ್ಲಿ ಆ ಕಪ್ಪನ್ನು ಕಲ್ಲಿಗೆ ಬಡಿಯಬೇಕೆಂದು ಕೈ ತುರಿಸುತ್ತಿತ್ತು. ಅದು ಹಿಂದೆ ಕೂತ ಅಪ್ಪನ ತೊಡೆಯ ಮೇಲಿತ್ತು.

“ಕಪ್ಪ ಚಲೋ ಐತಿ ನೋಡ,” ಎಂದ. “ನಮ್ಮಪ್ಪಗ ಅದ ಮನಿಯಾಗ ತೆಂಗಿನ ಚಿಪ್ಪಿನ್ಯಾಗ ಹಾಕತಿದ್ರು.”

ಚಿಪ್ಪಿನಿಂದ ಕಪ್ಪಿಗೆ ಬರಲು ನಮಗೆ ಮೂರು ತಲೆಮಾರು ಹಿಡಿದಿದೆ. ಬಿ.ಎಡ್ ಬೇರೆ ಮಾಡಬೇಕಾಯಿತು. ಸಿಟ್ಟಿಗೆ ಬೈಕು ಜೋರಾಗಿ ಓಡಿಸಿದೆ; “ನಿಧಾನ ಹೋಗೋ, ಒಡದೀತು,” ಎಂದು ಅಪ್ಪ ಗದರಿದ.

ಹುಡುಗಿ ಎರಡು ದಿನ ಸಾಲಿಗೆ ಬರಲಿಲ್ಲ. ಬಂದ ದಿನ, ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಇಡೀ ಕ್ಲಾಸಿನ ಎದುರು ಮೇಜಿನ ಹತ್ತಿರ ಬಂದಳು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಗಂಟು. ಮುಖದಲ್ಲಿ ಯಾವ ಕಪಟವೂ ಇರಲಿಲ್ಲ, ನಗುತ್ತಿದ್ದಳು.

“ಸರ, ನೀವು ಬಸಿ ಮರತು ಬಂದೀರಂತ. ನಮ್ಮಜ್ಜಿ ಕೊಟ್ಟು ಕಳ್ಸ್ಯಾಳ್ರಿ.”