ಕಂಡಕ್ಟರು ದೋಣಿ ಹತ್ತಿದ್ದು

ಪಕ್ಕದ ಮನೆಯ ಕಂಡಕ್ಟರು ಹೆಂಡತಿಯ ಜೊತೆ ದಿನಾ ಜಗಳವಾಡುತ್ತಾರೆಂದು ಈ ಬರಹಗಾರ ಪೂರ್ತಿ ಒಂದು ವರ್ಷ ನಂಬಿದ್ದ. ನಂಬದೆ ಏನು ಮಾಡುವುದು? ಬೆಳಗಾದರೆ ಗೋಡೆಯಾಚೆಯಿಂದ ಗುಡುಗು: "ಬಾಗಿಲಲ್ಲಿ ನಿಲ್ಲಬೇಡ! ಹತ್ತೋದಾದ್ರೆ ಹತ್ತು, ಇಳಿಯೋದಾದ್ರೆ ಇಳಿ!" ಸಂಸಾರ ಒಡೆಯುವ ಮೊದಲು ನಾಲ್ಕು ಬುದ್ಧಿಮಾತು ಹೇಳಿಬರೋಣವೆಂದು ಒಂದು ದಿನ ಇಸ್ತ್ರಿ ಅಂಗಿ ತೊಟ್ಟು ಹೋದರೆ, ಆ ಮನೆಯಾಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗಲ್ಲಪ್ಪಾ ಅದು, ಬೆಕ್ಕಿಗೆ!"

ಮೂವತ್ತೊಂದು ವರ್ಷ ಬಸ್ಸಿನ ಕಟ್ಟಕಡೆಯ ಸೀಟಿಗೆ ಕೇಳುವಂತೆ ಕೂಗಿದ ಗಂಟಲು. ನಿವೃತ್ತಿಯಾಗಿದ್ದು ಕಂಡಕ್ಟರಿಗೆ, ಗಂಟಲಿಗಲ್ಲ. ಬಂದ ನೆಂಟರನ್ನು "ಸ್ವಲ್ಪ ಸರೀರಿ, ಇನ್ನೊಬ್ಬರು ಕೂರ್ತಾರೆ" ಎಂದು ಸೋಫಾದ ಮೂಲೆಗೆ ಒತ್ತುವುದನ್ನು ಎರಡು ವರ್ಷ ಸಹಿಸಿದ ಹೆಂಡತಿ ಒಂದು ಮಧ್ಯಾಹ್ನ ತೀರ್ಪು ಕೊಟ್ಟರು.

"ರೀ, ಕಣ್ಣು ಕಾಣದ ಹುಡುಗ ಹುಡುಗಿಯರಿಗೆ ಬೇಸಿಗೆ ಶಿಬಿರವಂತೆ. ಹತ್ತು ದಿನ ಜೊತೆಗಿರೋಕೆ ಜನ ಬೇಕಂತೆ. ನಿಮ್ಮ ಹೆಸರು ಕೊಟ್ಟಿದ್ದೀನಿ."

"ನನ್ನ ಒಂದು ಮಾತು ಕೇಳ್ದೇನೇ?"

"ನಿಮ್ಮ ಮಾತು ಕೇಳಿ ಕೇಳಿಯೇ ಕೊಟ್ಟಿದ್ದು."

ಶಿಬಿರ ನಡೆದದ್ದು ಕೆರೆಯ ದಂಡೆಯ ಶಾಲೆಯಲ್ಲಿ. ರಜೆಯಾದ್ದರಿಂದ ಬೆಂಚುಗಳನ್ನೆಲ್ಲ ಗೋಡೆಗೆ ದಬ್ಬಿ ಹಾಸಿಗೆ ಹಾಕಿದ್ದರು. ಅದರ ಸಂಚಾಲಕರೋ, ಕೊರಳಲ್ಲಿ ಸೀಟಿ, ಕಂಕುಳಲ್ಲಿ ಫೈಲು ಇಲ್ಲದೆ ಬಚ್ಚಲಿಗೂ ಹೋಗದವರು. ಫೈಲಿನ ತುಂಬ ನಿಯಮಗಳು. ಏಳನೆಯದು ಹೀಗಿತ್ತು: ಮಕ್ಕಳ ಮುಂದೆ 'ನೋಡು' ಎಂಬ ಪದವನ್ನು ಯಾರೂ ಆಡಕೂಡದು, ಮನಸ್ಸಿಗೆ ನೋವಾಗುತ್ತದೆ. ಯಾರ ಮನಸ್ಸಿಗೆ ಎಂದು ಮಕ್ಕಳನ್ನು ಯಾರೂ ವಿಚಾರಿಸಿರಲಿಲ್ಲ. ತಪ್ಪಿದರೆ ಹೆಸರಿನ ಮುಂದೆ ಒಂದು ಗೀಟು. ಮೂರು ಗೀಟಾದರೆ ಮಕ್ಕಳ ಸಹವಾಸ ಬಿಟ್ಟು ಉಗ್ರಾಣದಲ್ಲಿ ದಿಂಬಿನ ಕವರು ಎಣಿಸುವುದು.

ಕಂಡಕ್ಟರ ಪಾಲಿಗೆ ಬಂದವರು ಇಬ್ಬರು. ಎಲ್ಲದಕ್ಕೂ ವಾದ ಹೂಡುವ ಹದಿನಾರರ ಹುಡುಗಿಗೆ ಲಾಯರ್ ಎಂದು ಹೆಸರು ಬಿದ್ದಿತ್ತು. ಬಿಳಿ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಬ್ರೇಕಿಲ್ಲದಂತೆ ನುಗ್ಗುವ ಅವಳ ಗೆಳೆಯನಿಗೆ ಲಾರಿ ಎಂದು.

"ಇನ್ನು ಹತ್ತು ದಿನ ನಿಮ್ಮನ್ನ ನೋಡ್ಕೊಳ್ಳೋನು ನಾನೇ!" ಎಂದು ಕಂಡಕ್ಟರು ಪರಿಚಯ ಹೇಳಿಕೊಂಡರು. ಒಂದು ಗೀಟು. ಊಟಕ್ಕೆ ಕೂತಾಗ, "ಉಪ್ಪು ಸಾಕಾ ನೋಡು." ಎರಡು.

ಅಲ್ಲಿಂದ ಅವರ ಬಾಯಿಗೆ ಬೀಗ. ನೋಡು ಇಲ್ಲದೆ ಕನ್ನಡದಲ್ಲಿ ಎಷ್ಟು ಹೊತ್ತು ಬದುಕುವುದು? ತಿಂದು ನೋಡಬೇಕು, ಕೇಳಿ ನೋಡಬೇಕು, ಕೊನೆಗೆ ಸುಮ್ಮನಿರುವುದಕ್ಕೂ ಸುಮ್ಮನಿದ್ದು ನೋಡಬೇಕು. ಮಣ್ಣಿನ ಗೊಂಬೆ ಮಾಡುವ ದಿನ ಲಾರಿಯ ಕೈಗೆ ಮುದ್ದೆ ಕೊಟ್ಟು, "ಇದನ್ನ ಮುಟ್ಟಿ... ಮುಟ್ಟಿ..." ಎಂದು ತಡವರಿಸಿದರು.

"ಮುಟ್ಟಿ ಏನ್ ಮಾಡ್ಲಿ ಮಾಮ?"

"ಮುಟ್ಟಿ ತೆಪ್ಪಗಿರು!"

ಇಷ್ಟೆಲ್ಲ ಸಂಕಟ ಒಂದು ದೋಣಿಗಾಗಿ. ಕೊನೆಯ ದಿನ ಕೆರೆಯಲ್ಲಿ ದೋಣಿ ವಿಹಾರವಿತ್ತು, ಪ್ರತಿ ದೋಣಿಗೂ ಒಬ್ಬರು ದೊಡ್ಡವರು ಇರಬೇಕಿತ್ತು. ಎರಡನೆಯ ದಿನವೇ ಲಾಯರು ಕೇಳಿದ್ದಳು: "ಮಾಮ, ಹುಟ್ಟು ಹಾಕೋರು ಹೋಗೋ ದಿಕ್ಕಿಗೆ ಬೆನ್ನು ಮಾಡಿ ಕೂರ್ತಾರಂತೆ, ಹೌದಾ?"

"ಹೌದು."

"ಅಂದ್ರೆ ಅವರಿಗೂ ಮುಂದೇನಿದೆ ಅಂತ ಕಾಣಲ್ಲ. ಮತ್ತೆ ನಾನೇ ಯಾಕೆ ಹಾಕಬಾರದು?"

ಕಂಡಕ್ಟರು ತಲೆ ಕೆರೆದುಕೊಂಡರು. "ನೀನೇ ಹಾಕು ಲಾಯರಮ್ಮ. ಎದುರಿಗೆ ಕೂತು ದಾರಿ ನಾನು ಹೇಳ್ತೀನಿ" ಎಂದು ಮಾತು ಕೊಟ್ಟುಬಿಟ್ಟರು. ಬೇರೆ ದೋಣಿಗಳಲ್ಲೆಲ್ಲ ದೊಡ್ಡವರೇ ಹುಟ್ಟು ಹಾಕುವವರಿದ್ದರು. ಹಾಗಾಗಿ ಮೂರನೆಯ ಗೀಟು ಬಿದ್ದರೆ ಮುಳುಗುವುದು ಅವರೊಬ್ಬರೇ ಆಗಿರಲಿಲ್ಲ.

ಎಂಟು ದಿನ ಹಲ್ಲು ಕಚ್ಚಿ ಕಳೆದರು. ಕೊನೆಯ ಬೆಳಿಗ್ಗೆ ಎಲ್ಲರೂ ಲೈಫ್ ಜಾಕೆಟ್ ತೊಟ್ಟು, ದೋಣಿ ಕಟ್ಟುವ ಹಲಗೆ ಸೇತುವೆಯ ಮೇಲೆ ನಿಂತಾಗ ಲಾರಿ ಎಂದಿನಂತೆ ನುಗ್ಗಿದ. ಮುಂದೆ ಹಲಗೆ ಮುಗಿದಿತ್ತು.

"ಏಯ್ ಲಾರೀ! ನೋಡ್ಕೊಂಡು!"

ಲಾರಿ ನಿಂತ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರೂ ಕೈ ನಿಲ್ಲಿಸಿದರು. ಸಂಚಾಲಕರ ಪೆನ್ಸಿಲು ಮಾತ್ರ ನಿಲ್ಲಲಿಲ್ಲ.

"ಮೂರಾಯ್ತು ಕಂಡಕ್ಟರೇ. ನೀವು ಉಗ್ರಾಣಕ್ಕೆ ನಡೀರಿ. ಈ ದೋಣಿಗೆ ನಾನೇ ಬಂದು ಹುಟ್ಟು ಹಾಕ್ತೀನಿ. ಮಕ್ಕಳು ಕೈಕಟ್ಟಿ ಕೂತ್ರೆ ಸಾಕು."

ಕಂಡಕ್ಟರ ಮುಖ ಸಪ್ಪಗಾಯಿತು. ಲಾಯರು ಗಂಟಲು ಸರಿಮಾಡಿಕೊಂಡಳು.

"ಸರ್, ಆ ಪದದಿಂದ ಯಾರಿಗೆ ನೋವಾಯ್ತು?"

"ನೋಡಮ್ಮ, ನಿಯಮ ಅಂದ್ಮೇಲೆ..."

"ಒಂದು," ಎಂದಳು.

"ಅಲ್ಲ, ಇಲ್ನೋಡು, ನಾನು ಹೇಳಿದ್ದು..."

"ಎರಡು," ಎಂದ ಲಾರಿ.

ಸಂಚಾಲಕರು ಬೆವರು ಒರೆಸಿಕೊಂಡರು. "ಆಯ್ತು ಆಯ್ತು, ಇದನ್ನ ಆಮೇಲೆ ನೋಡೋಣ."

"ಮೂರು! ಸರ್, ದಿಂಬಿನ ಕವರು ಕಾಯ್ತಾ ಇವೆ."

ಸಂಚಾಲಕರು ಫೈಲು ತೆರೆದರು, ಮುಚ್ಚಿದರು. ಅಂಥ ಪರಿಸ್ಥಿತಿಗೆ ಅದರಲ್ಲಿ ನಿಯಮವಿರಲಿಲ್ಲ. ದೋಣಿಯ ಹಗ್ಗ ಬಿಚ್ಚಿ, ದಡದಲ್ಲೇ ಉಳಿದರು.

ಲಾಯರು ಹುಟ್ಟುಗಳನ್ನು ಹಿಡಿದು ಕೂತಳು. ಕಂಡಕ್ಟರು ಎದುರಿಗೆ ಕೂತು, ಹೆಮ್ಮೆಯಿಂದ ದೋಣಿಯ ಅಂಚು ತಟ್ಟಿ ಕೂಗಿದರು: "ರೈಟ್!"

ದೋಣಿ ಬಲಕ್ಕೆ ತಿರುಗಿತು.

"ಹೂಂ, ರೈಟ್ ರೈಟ್!"

ಇನ್ನಷ್ಟು ತಿರುಗಿತು. ಕಂಡಕ್ಟರು ಹುರಿದುಂಬಿಸಿದಷ್ಟೂ ಹುಡುಗಿ ಜೋರಾಗಿ ಎಳೆದಳು. ಇದ್ದಲ್ಲೇ ಗಿರಗಿರ.

"ಮಾಮ, ಅದೇ ಬಾತುಕೋಳಿ ನಾಲ್ಕನೇ ಸಲ ಕೂಗ್ತಿದೆ," ಎಂದ ಲಾರಿ. "ಈ ಬಸ್ಸಿಗೆ ಬೇರೆ ಊರೇ ಇಲ್ವಾ?"

ದಡದಿಂದ ಸಂಚಾಲಕರು ಗಾಬರಿಯಲ್ಲಿ ಸೀಟಿ ಊದಿದರು. ಸೀಟಿ ಕೇಳಿದ್ದೇ ತಡ ಕಂಡಕ್ಟರ ಬಾಯಿಂದ ತಾನಾಗಿ ಹೊರಟಿತು: "ಹೋಲ್ಡಾನ್!" ದೋಣಿ ನಿಂತಿತು.

"ರೈಟ್ ಅಂದ್ರೆ ಬಲಗಡೆ ಅಲ್ಲಮ್ಮಾ, ಹೋಗು ಅಂತ!"

"ಮತ್ತೆ ನಿಮ್ಮ ಬಸ್ಸಲ್ಲಿ ಬಲಗಡೆ ಹೋಗೋಕೆ ಏನಂತಿದ್ರಿ?"

"ಅದನ್ನ ನಾನ್ಯಾಕೆ ಹೇಳ್ಲಿ? ಅದು ಡ್ರೈವರ್ ಕೆಲಸ."

"ಇಲ್ಲಿ ಡ್ರೈವರ್ ನಾನು ಮಾಮ. ಹೇಳಿ."

ಆಮೇಲೆ ಬಲ, ಎಡ, ಹೋಗು ಎಂದು ಮೂರೇ ಮಾತಿನಲ್ಲಿ ಅವರು ಆಚೆ ದಡ ಮುಟ್ಟಿ ವಾಪಸು ಬಂದರು. ಹಲಗೆಗೆ ದೋಣಿ ಧಡ್ ಎಂದು ಬಡಿದಾಗ ಕಂಡಕ್ಟರು, "ಲಾಸ್ಟ್ ಸ್ಟಾಪ್! ನಿಧಾನಕ್ಕೆ ಇಳೀರಿ!" ಎಂದರು. ಲಾಯರು ಇಳಿಯಲಿಲ್ಲ. ಇನ್ನೊಂದು ಟ್ರಿಪ್ ಇದೆಯೆಂದು ವಾದ ಶುರು ಮಾಡಿದಳು, ಗೆದ್ದಳು.

ಇದನ್ನೆಲ್ಲ ಕಂಡಕ್ಟರು ಮನೆಗೆ ಬಂದ ಮರುದಿನ ಗೋಡೆಯಾಚೆಯಿಂದಲೇ ಹೇಳಿದರು, ಇಡೀ ಬೀದಿ ಕೇಳಿಸಿಕೊಂಡಿತು. ಹಿಂದೊಮ್ಮೆ ಬೆಕ್ಕಿನ ವಿಷಯದಲ್ಲಿ ಮರ್ಯಾದೆ ಕಳೆದುಕೊಂಡಿದ್ದ ಬರಹಗಾರನಿಗೆ ಅಷ್ಟು ಸಾಲಲಿಲ್ಲ.

"ಅಲ್ರೀ, ಕಣ್ಣು ಕಾಣದ ಹುಡುಗಿ ದೋಣಿ ನಡೆಸ್ತಿದ್ರೆ ನಿಮಗೆ ಭಯ ಆಗಲಿಲ್ವಾ?"

"ಮೂವತ್ತೊಂದು ವರ್ಷ ಕಣ್ಣಿರೋ ಡ್ರೈವರುಗಳ ಹಿಂದೆ ನಿಂತೋನು ನಾನು," ಎಂದರು ಕಂಡಕ್ಟರು. "ಭಯ ಎಲ್ಲ ಅಲ್ಲೇ ಖರ್ಚಾಗಿ ಹೋಯ್ತು."