ಬ್ಯಾಗು ಕಾಯುವವಳು ಗುಡ್ಡ ಇಳಿದದ್ದು

ಅಮೆರಿಕದ ಶಾಮ್‌ಬರ್ಗ್‌ಗೆ ಬಂದ ಹತ್ತು ವರ್ಷಗಳಲ್ಲಿ ಎಲ್ಲಿಗೆ ಪ್ರವಾಸ ಹೋದರೂ ಬ್ಯಾಗು ಕಾಯುವ ಕೆಲಸ ನನ್ನದೇ. ವಾಟರ್ ಪಾರ್ಕಿನಲ್ಲಿ ಎಲ್ಲರೂ ನೀರಿಗಿಳಿದರೆ ನಾನು ಅವರ ಚಪ್ಪಲಿ, ಟವೆಲ್ಲು, ಪುಳಿಯೋಗರೆ ಡಬ್ಬಿಗಳ ನಡುವೆ ಕೂತಿರುತ್ತಿದ್ದೆ. ನೀನು ಹೋಗು, ನಾನು ಕೂರುತ್ತೇನೆ ಎಂದು ಒಬ್ಬರೂ ಅಂದವರಿಲ್ಲ. ನಗುನಗುತ್ತಲೇ ಕೂರುತ್ತಿದ್ದೆ, ಹೊಟ್ಟೆ ಮಾತ್ರ ಉರಿಯುತ್ತಿತ್ತು.

ರಿಸೆಷನ್ನಿನ ಆ ಚಳಿಗಾಲದಲ್ಲಿ ನಮ್ಮ ಯಜಮಾನರ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಮಾತೇ ನಿಂತುಹೋಗಿತ್ತು. ಒಂದು ದಿನವಾದರೂ ಹೊರಗೆ ಹೋಗೋಣವೆಂದು ಮಗಳು ಹಟ ಹಿಡಿದಳು. ಎರಡು ಗಂಟೆ ಡ್ರೈವ್ ಮಾಡಿ ಪಕ್ಕದ ರಾಜ್ಯ ವಿಸ್ಕಾನ್ಸಿನ್ನಿನಲ್ಲಿ ಹಿಮದ ಮೇಲೆ ಜಾರಿ ಆಡುವ ಒಂದು ಸ್ಕೀ ರೆಸಾರ್ಟಿಗೆ ಹೋದೆವು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬೆಳೆದವಳು ನಾನು. ಇದನ್ನೂ ಬೆಟ್ಟ ಅಂತಾರಾ, ದಿಣ್ಣೆ ಎಂದು ಮೂಗು ಮುರಿದೆ. ಒಳಗೆ ಹೋದವಳೇ ಅಭ್ಯಾಸಬಲದಿಂದ ಬೆಂಚು ಹುಡುಕತೊಡಗಿದೆ. ಅಷ್ಟರಲ್ಲಿ ಯಜಮಾನರು ಲ್ಯಾಪ್‌ಟಾಪ್ ತೆರೆದು ಕೂತು, ನನ್ನ ಮುಖ ಕೂಡ ನೋಡದೆ ಹೇಳಿದರು:

"ನೀನ್ ಹೋಗು. ನಂಗೆ ಇನ್ನೂ ಎರಡ್ ಕಡೆ ಅಪ್ಲೈ ಮಾಡ್ಬೇಕು. ಬ್ಯಾಗ್ ನಾನ್ ನೋಡ್ಕೋತೀನಿ."

ಅವರ ಮನಸ್ಸು ಬದಲಾಗುವ ಮೊದಲೇ ಓಡಿಹೋಗಿ ಬೂಟು, ಅದಕ್ಕೆ ಸಿಕ್ಕಿಸುವ ಉದ್ದನೆಯ ಸ್ಕೀ ಪಟ್ಟಿ ಎರಡನ್ನೂ ಬಾಡಿಗೆಗೆ ತೆಗೆದುಕೊಂಡೆ.

ಕಲಿಯುವವರ ಪುಟ್ಟ ಇಳಿಜಾರಿನಲ್ಲೇ ಆರು ಸಲ ಬಿದ್ದೆ. ಜೀನ್ಸ್ ಹಾಕಿಕೊಂಡು ಬಂದ ಬುದ್ಧಿವಂತೆ ನಾನೊಬ್ಬಳೇ. ಅದು ಮೊದಲು ನೆನೆಯಿತು, ಆಮೇಲೆ ಹಪ್ಪಳದ ಹಾಗೆ ಸೆಟೆಯಿತು. ನನ್ನ ಸೊಂಟಕ್ಕೂ ಬರದ ಮಕ್ಕಳು ಪಕ್ಕದಲ್ಲೇ ಸುಯ್ಯೆಂದು ಜಾರಿಹೋದರು. ಎರಡೂ ಸ್ಕೀಗಳ ಮುಂತುದಿ ಹತ್ತಿರ ತಂದು ಹಿಮ್ಮಡಿ ಅಗಲಿಸಿದರೆ ವೇಗ ತಗ್ಗುತ್ತದೆಂದು ಮಗಳು ಹೇಳಿಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಅದು ಕಾಲಿಗೆ ಹತ್ತಿತು. ಇಬ್ಬರೂ ಲಿಫ್ಟಿನ ಕುರ್ಚಿಯಲ್ಲಿ ಕೂತು ಮೇಲೆ ಹೋದೆವು. ಅಲ್ಲಿಂದ ಕೆಳಗೆ ನೋಡಿದಾಗ ದಿಣ್ಣೆ ಬೆಟ್ಟವಾಗಿತ್ತು. ನಾನು ಅಂಚಿನಿಂದ ಹಿಂದೆ ಸರಿದದ್ದನ್ನು ಕಂಡು ಮಗಳು ಮೆಲ್ಲಗೆ, "ಯು ಡೋಂಟ್ ಹ್ಯಾವ್ ಟು, ಅಮ್ಮಾ," ಎಂದಳು. ಅವಳು ಹಾಗೆಂದದ್ದೇ ತಡ, ಹಟ ಬಂತು. ಹೊರಟೇಬಿಟ್ಟೆ.

ಬೀಳಲಿಲ್ಲ. ಅರ್ಧ ದಾರಿಗೆ ಬಂದಾಗ ಯಾರೋ ಕಿರುಚುತ್ತಿದ್ದಾರೆ ಅನ್ನಿಸಿತು, ನೋಡಿದರೆ ನಾನೇ. ಜನ್ಮದಲ್ಲಿ ಅಷ್ಟು ಖುಷಿಯಾಗಿ ಕಿರುಚಿದ್ದು ನೆನಪಿಲ್ಲ.

ಕೆಳಗೆ ಬಂದು ನಿಂತರೆ ಎದುರಿಗೇ ಯಜಮಾನರು. ಲ್ಯಾಪ್‌ಟಾಪ್ ಮುಚ್ಚಿಟ್ಟು, ಎರಡೂ ಹೆಗಲಿಗೆ ಬ್ಯಾಗು ನೇತುಹಾಕಿಕೊಂಡು, ಕೈಯಲ್ಲಿ ಪುಳಿಯೋಗರೆ ಡಬ್ಬಿ ಹಿಡಿದು ಹಿಮದಲ್ಲಿ ನಿಂತಿದ್ದರು. ಎರಡು ತಿಂಗಳ ಮೇಲೆ ಅವರ ನಗು ಕಂಡೆ. ಊಟ ಮಾಡೋಣವೇ ಎಂದು ಕೇಳಿದರು.

"ಇನ್ನೊಂದ್ ಸ್ವಲ್ಪ ಹೊತ್ತು ಬ್ಯಾಗ್ ನೋಡ್ಕೊಳ್ಳಿ," ಎಂದು ಹೇಳಿ ನಾನು ಮತ್ತೆ ಲಿಫ್ಟಿನ ಸಾಲಿಗೆ ಹೋದೆ.